ಬೋಣಿಗೆ ಬಂದ ಕೈ

ಒಂದಾನೊಂದು ಕಾಲ ಅಂತಾರಲ್ಲ, ಅದಕ್ಕೂ ಒಂದು ತಲೆಮಾರು ಹಿಂದೆ, ಒಂದು ಕೋಟೆ ಊರಿತ್ತಂತೆ. ಅಲ್ಲಿ ಬೀರಮ್ಮ ಅಂತ ಕಂಬಳಿ ನೇಯೋಳು, ಅವಳಿಗೆ ಗಂಡ ಇಲ್ಲ, ನಿನ್ನಷ್ಟೇ ಎತ್ತರದ ಮಗಳೊಬ್ಬಳು, ಗಂಗಿ. ಕಾಲು ಹೊದ್ಕೋ, ಹೇಳ್ತೀನಿ. ಆ ಊರ ಸಂತೇಲಿ ಒಂದು ಪದ್ಧತಿ. ದಿನದ ಮೊದಲ ಯಾಪಾರ, ಅದೇ ಬೋಣಿ, ಪರವೂರವರ ಕೈಯಿಂದಲೇ ಆಗಬೇಕು. ಅದಾಗದೆ ಯಾರೂ ಒಂದು ಮೊರ ಕೂಡ ಮಾರೋ ಹಂಗಿಲ್ಲ.

ಆಮೇಲೆ ಏನಾಯ್ತು, ಹೊಳೆಯಾಚೆಯಿಂದ ಜುಂಜಣ್ಣ ಅನ್ನೋನು ಅಗ್ಗದ ಕಂಬಳಿ ಹೊತ್ಕೊಂಡು ಬಂದ, ಜನ ಅವನ ಹತ್ರಾನೇ ಮುಗಿಬಿದ್ರು. ಬೀರಮ್ಮನ ಹೊಟ್ಟೆಗೆ ಬೆಂಕಿ ಬಿತ್ತು. ಪಾಳೇಗಾರನ ಹತ್ರ ಹೋಗಿ, ಬುದ್ಧಿ, ನಮ್ಮ ಹೊಟ್ಟೆ ಮೇಲೆ ಹೊಡೀತಾನೆ, ಹೆಬ್ಬಾಗಿಲು ಹಾಕಿಸಿ ಅಂತ ಅತ್ತಳಂತೆ. ಅವನೂ, ಹೊರಗಿನ ಸಾಮಾನು ಬರದಿದ್ರೆ ಒಳಗಿನವರಿಗೆ ಕೈತುಂಬ ಕೆಲಸ ಅಂತ ಅಗಳಿ ಹಾಕಿಸಿಬಿಟ್ಟ. ಸಾಮಾನು ಬರೋ ಬಾಗಿಲೂ ಹೋಗೋ ಬಾಗಿಲೂ ಒಂದೇ ಅಂತ ಆ ಪುಣ್ಯಾತ್ಮನಿಗೆ ಹೊಳೀಲೇ ಇಲ್ಲ ನೋಡು.

ಸಂತೆ ದಿನ ಬಂತು. ಕುಂಬಾರನ ಮುಂದೆ ಮಡಕೆ, ಗಾಣಿಗಿತ್ತಿ ಮುಂದೆ ಎಣ್ಣೆ, ಎಲ್ಲಾ ಇದೆ, ಬೋಣಿ ಮಾಡೋ ಕೈ ಇಲ್ಲ. ಬಿಸಿಲು ನೆತ್ತಿಗೆ ಬಂದಾಗ ಕೋಟೆ ಗೋಡೆ ಮೇಲಿಂದ ಒಂದು ಕೈ ಇಳೀತಂತೆ. ಬರೀ ಕೈ. ಒಂದು ಮೊಣಕೈ ಆದ್ಮೇಲೆ ಇನ್ನೊಂದು ಮೊಣಕೈ, ಅದಾದ್ಮೇಲೆ ಇನ್ನೊಂದು. ಗೋಡೆಯಾಚೆ ಯಾರಿದಾರೆ ಅಂತ ಕೇಳೋ ಧೈರ್ಯ ಯಾರಿಗೂ ಬರಲಿಲ್ಲ. ಪರವೂರ ಕೈಯೇ ತಾನೇ ಅಂತ ಕುಂಬಾರ ಮಡಕೆ ಕೊಟ್ಟ. ಕೈ ಒಂದು ತಣ್ಣನೆ ಕಾಸಿಟ್ಟು ಹೋಯ್ತು. ಅವತ್ತಿಂದ ಕುಂಬಾರನ ಬಾಯಲ್ಲಿ ಮಾತೇ ಹೊರಡಲಿಲ್ಲ.

ಆಮೇಲೆ ಎರಡನೇ ಸಂತೆ, ಗಾಣಿಗಿತ್ತಿ ಎಣ್ಣೆ ಕೊಟ್ಟಳು, ಅವಳ ನೆರಳು ಹೋಯ್ತಂತೆ. ಬಿಸಿಲಲ್ಲಿ ನಿಂತ್ರೂ ಕಾಲಡಿ ಬರೀ ನೆಲ. ಊರಲ್ಲಿ ಕೊಳ್ಳೋರಿಲ್ಲ ಅಂತ ಪಾಳೇಗಾರ ನಾಣ್ಯದ ಮೇಲೆ ನಾಣ್ಯ ಹೊಡೆಸಿ ಹಂಚಿದ. ಹಿಡಿ ನಾಣ್ಯ ಕೊಟ್ರೂ ಹಿಡಿ ಉಪ್ಪು ಬರಲಿಲ್ಲ, ಉಪ್ಪು ಬರೋದೇ ಬಾಗಿಲಿಂದ ಅಲ್ವಾ.

ಮೂರನೇ ಸಂತೇಲಿ ಕೈ ನೆಟ್ಟಗೆ ಬೀರಮ್ಮನ ಮುಂದೆ ಬಂತು. ಅವಳು ಕಂಬಳಿ ಚಾಚಿದಳು. ಕೈ ಕಂಬಳಿ ಪಕ್ಕಕ್ಕೆ ಸರಿಸಿ, ಗಂಗಿಯನ್ನ ನೆತ್ತಿಯಿಂದ ಪಾದದ ತನಕ ಗೇಣು ಹಾಕಿ ಅಳೀತಂತೆ. ಆಮೇಲೆ ಕಾಸು ಇಡೋಕೆ ಬೆರಳು ಬಿಚ್ಚಿತು. ಕೈ ಕೊಳ್ಳೋಕೆ ಬಂದಿರೋದು ಮಗಳನ್ನ ಅಂತ ಬೀರಮ್ಮನಿಗೆ ತಿಳೀತು. ಕಾಸು ನೆಲಕ್ಕೆ ಮುಟ್ಟೋಕೆ ಮುಂಚೆ ಮಗಳನ್ನ ಸೊಂಟಕ್ಕೆ ಏರಿಸ್ಕೊಂಡು, ಇನ್ನೊಂದು ಕೈಲಿ ಕಂಬಳಿ ಹಿಡ್ಕೊಂಡು ಹೆಬ್ಬಾಗಿಲಿಗೆ ಓಡಿದಳು. ಹಿಂದೇನೇ ಕೈ, ಮೊಣಕೈ ಮೊಣಕೈಯಾಗಿ. ತಾನೇ ಹಾಕಿಸಿದ ಅಗಳಿ ತಾನೇ ಕಿತ್ತಳಂತೆ.

ಹೊರಗೆ ಜುಂಜಣ್ಣ, ಇವತ್ತಾದ್ರೂ ತೆಗೀತಾರೇನೋ ಅಂತ ಗಂಟು ಇಟ್ಕೊಂಡು ಕೂತಿದ್ದ.

ಜುಂಜಣ್ಣ, ನಿನ್ನ ದಮ್ಮಯ್ಯ, ನನ್ನ ಬೋಣಿ ನೀನೇ ಮಾಡಪ್ಪ, ಅಂದಳು.

ನಿಂದು ದುಬಾರಿ ಕಣಮ್ಮ, ಆದ್ರೆ ನಮ್ಮ ಕಡೆ ಕುರಿ ಕಾಯೋರು ಇಂಥ ದಪ್ಪನೇದೇ ಕೇಳ್ತಾರೆ, ಅಂತ ಅವನು ದುಡ್ಡು ಕೊಟ್ಟ. ಬೋಣಿ ಆಗಿಹೋಯ್ತಲ್ಲ, ಗಂಗಿಯ ಜಡೆ ಮುಟ್ಟೋಕೆ ಬಂದಿದ್ದ ಕೈ ಅಲ್ಲೇ ನಿಂತು, ಮೆಲ್ಲಗೆ ಗೋಡೆಯಾಚೆ ಸರೀತು. ಕುಂಬಾರನಿಗೆ ಮಾತು ಬಂತು, ಗಾಣಿಗಿತ್ತಿಗೆ ನೆರಳು ಬಂತು.

ಆಮೇಲೆ ಬೀರಮ್ಮ ತೆಳ್ಳನೆ ಕಂಬಳಿ ಜುಂಜಣ್ಣನಿಗೇ ಬಿಟ್ಟು ಹೊಳೆಯಾಚೆಗೆ ದಪ್ಪನೇದು ನೇಯ್ದು, ಮಗಳ ಜೊತೆ ಸುಖವಾಗಿದ್ದಳಂತೆ. ಜುಂಜಣ್ಣನ್ನ ಬೈಯೋದು ಮಾತ್ರ ಸಾಯೋ ತನಕ ಬಿಡಲಿಲ್ಲ. ಅವನು ಒಂದು ಸಂತೆಗೆ ತಡವಾದ್ರೆ, ಗಂಗಿಯನ್ನ ಗಟ್ಟಿಯಾಗಿ ಹಿಡ್ಕೊಂಡು ಬಾಗಿಲಲ್ಲಿ ಅವನ ದಾರಿ ಕಾಯೋದೂ ಬಿಡಲಿಲ್ಲ. ಅಲ್ಲಿಗೆ ಅವರ ಕತೆ ಮುಗೀತು, ಇನ್ನು ನೀನು ಮಲ್ಕೋ ಕಂದ.