ಒಣಪಂಚೆಯವರು ಕಟ್ಟಿದ ಸೇತುವೆ

ಯಾವ ಕಾಲ ಎಂದು ಕೇಳಬೇಡಿ, ಯಾವ ಸೀಮೆ ಎಂದೂ ಕೇಳಬೇಡಿ. ಹಿರೇಬಿದರೆ ಅಂತ ಒಂದು ಊರಿತ್ತಂತೆ. ಊರಿಗೊಬ್ಬ ದೊರೆ, ದೊರೆಗೊಬ್ಬ ಮಂತ್ರಿ, ಊರ ಮುಂದೊಂದು ಹೊಳೆ. ಹೊಳೆಗೆ ಸೇತುವೆ ಇರಲಿಲ್ಲ. ಮಳೆಗಾಲದಲ್ಲಿ ಹರಿಗೋಲು ಮಗುಚುತ್ತಿತ್ತು, ಜನ ಸಾಯುತ್ತಿದ್ದರು, ದೊರೆ ಕಣ್ಣೀರು ಹಾಕುತ್ತಿದ್ದ. ಮುಂದಿನ ಮಳೆಗಾಲದಲ್ಲಿ ಮತ್ತೆ ಹಾಕುತ್ತಿದ್ದ.

ಒಂದು ವರ್ಷ ಅಳುವುದೂ ಬೇಸರವಾಗಿ, "ಸೇತುವೆ ಕಟ್ಟಿಸೋಣ" ಅಂದನಂತೆ. ಸಭೆ ಸೇರಿತು. ಕೆಲಸ ಶುರುಮಾಡುವ ಮುಹೂರ್ತ ಗೊತ್ತಾಯಿತು. ಮುಗಿಸುವ ಮುಹೂರ್ತವೂ ಗೊತ್ತಾಯಿತು. ಆ ದಿನ ಯಾವ ಆನೆಗೆ ಯಾವ ಜೂಲು, ಯಾರಿಗೆ ಯಾವ ಬಣ್ಣದ ಪೇಟ, ಊಟಕ್ಕೆ ಹೋಳಿಗೆಯೋ ಕಜ್ಜಾಯವೋ, ಎಲ್ಲ ಗೊತ್ತಾಯಿತು. ಈ ದಡದ ಕೆಲಸ ಮೇಸ್ತ್ರಿ ಬೋರೋಜಿಗೆ, ಆ ದಡದ ಕೆಲಸ ಮೇಸ್ತ್ರಿ ಕಾಳಾಚಾರಿಗೆ. ಹೊಳೆಯ ನಡುವೆ ಆಳ ಎಷ್ಟು, ಅಲ್ಲಿ ಕಂಬ ನಿಲ್ಲಿಸುವವರು ಯಾರು ಎಂದು ಒಬ್ಬನೂ ಕೇಳಲಿಲ್ಲವಂತೆ. ಕೇಳಿದ್ದರೆ ಊಟದ ಹೊತ್ತಿಗೆ ಸಭೆ ಮುಗಿಯುತ್ತಿರಲಿಲ್ಲ.

ಆ ಊರಲ್ಲಿ ಮಾಳವ್ವ ಅಂತ ಒಬ್ಬಳಿದ್ದಳು. ಗಂಡ ಹರಿಗೋಲು ಮಗುಚಿ ಸತ್ತಿದ್ದ. ಇದ್ದವಳು ಒಬ್ಬಳೇ ಮಗಳು, ಪುಟ್ಟೀರಿ. ಮಾಳವ್ವನ ಕಣ್ಣು ಕೆಟ್ಟದ್ದು ಎಂದು ಊರೆಲ್ಲ ಮಾತು. ಪಕ್ಕದ ಮನೆಯ ಉಯ್ಯಾಲೆ ನೋಡಿ, "ಹಗ್ಗ ಸವೆದೈತೆ ಕಣೇ" ಅಂದಿದ್ದಳು. ಉಯ್ಯಾಲೆ ಕಳಚಿ ಬಿತ್ತು. ಗೌಡನ ಗೋಡೆ ನೋಡಿ, "ಬುಡ ನೀರು ಕುಡಿದೈತೆ" ಅಂದಿದ್ದಳು; ಗೋಡೆ ಮಲಗಿತು. ಹಗ್ಗ ಬದಲಿಸಬೇಕಿತ್ತು ಎಂದು ಯಾರಿಗೂ ಅನ್ನಿಸಲಿಲ್ಲ. ಮಾಳವ್ವನ ಕಣ್ಣು ಬಿತ್ತು ಅಂದರು. ಅಂದಿನಿಂದ ಅವಳು ಬೀದಿಗೆ ಬಂದರೆ ಹೆಂಗಸರು ಮಕ್ಕಳ ಮುಖಕ್ಕೆ ಸೆರಗು ಮುಚ್ಚುವರು, ಹಾಲಿನ ಚೆಂಬಿಗೆ ತಟ್ಟೆ ಮುಚ್ಚುವರು. ಮಾಳವ್ವ ಕೋಪ ನುಂಗಿಕೊಂಡು ನಡೆಯುವಳು. ನುಂಗಿದ್ದು ಕರಗುತ್ತಿರಲಿಲ್ಲ.

ಸೇತುವೆ ಅಂದಾಗ ಊರಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅವಳೇ. ಪುಟ್ಟೀರಿಯನ್ನು ಆಚೆ ದಡದ ಚೆಲುವನಿಗೆ ಕೊಡುವ ಮಾತಾಗಿತ್ತು. ಮಗಳಾದರೂ ಹರಿಗೋಲು ಹತ್ತದೆ ತವರಿಗೆ ಬಂದುಹೋಗಲಿ ಎಂದು ಅವಳ ಆಸೆ. ಕಲ್ಲು ಬಂದು ಬಿದ್ದ ಮೊದಲ ದಿನವೇ ನೋಡಲು ಹೋದಳು. ಅದು ಮಂತ್ರಿಯ ಕಣ್ಣಿಗೆ ಬಿತ್ತು. ಮರುದಿನ ಡಂಗುರ: "ದೊರೆಯ ಕೆಲಸಕ್ಕೆ ದೃಷ್ಟಿಯಾದೀತು! ಮುಗಿಯೋ ತನಕ ಯಾರೂ ನೋಡಕೂಡದು! ನೋಡಿದವರ ಕಣ್ಣು ಕೀಳಿಸಲಾಗುತ್ತೆ!"

ಎರಡೂ ದಡಗಳಲ್ಲಿ ಪರದೆ ಕಟ್ಟಿದರು. ಬೋರೋಜಿಗೆ ಕಾಳಾಚಾರಿಯ ಕಣ್ಣಿನ ಭಯ, ಕಾಳಾಚಾರಿಗೆ ಬೋರೋಜಿಯ ಕಣ್ಣಿನ ಭಯ. ಹೊಳೆಯ ನಡುವೆಯೂ ಒಂದು ಪರದೆ ಇಳಿಬಿಟ್ಟರಂತೆ. ಸಾಲದ್ದಕ್ಕೆ ಈ ದಡದ ಬಾಗಿಲಲ್ಲಿ ದೃಷ್ಟಿಗೆಂದು ಒಂದು ಬೂದುಗುಂಬಳ ತೂಗುಹಾಕಿದರು. ಇಬ್ಬರು ಹೊರುವಂಥದ್ದು.

ದಿನಾ ಬೆಳಿಗ್ಗೆ ಮಂತ್ರಿ ಪಲ್ಲಕ್ಕಿಯಲ್ಲಿ ಬರುವನು. ಪರದೆಯ ಹೊರಗೆ ನಿಂತು ಕೂಗುವನು:

"ಏನ್ರಯ್ಯಾ, ಕೆಲಸ ಹೆಂಗೆ ಸಾಗೈತೆ?"

"ಸಾಗೈತೆ ಬುದ್ಧೀ!" ಎಂದು ಒಳಗಿನಿಂದ ದನಿ ಬರುವುದು.

ಮಂತ್ರಿ ಅರಮನೆಗೆ ಹೋಗಿ, "ಸಾಗಿದೆ ಪ್ರಭು" ಅನ್ನುವನು. ದೊರೆ ಅಂತಃಪುರಕ್ಕೆ ಹೋಗಿ, "ಸಾಗಿದೆ" ಅನ್ನುವನು. ಚಳಿಗಾಲ ಬಂತು, ಸಾಗಿತ್ತು. ಚಳಿಗಾಲ ಹೋಯಿತು, ಸಾಗಿತ್ತು. ಬೇಸಿಗೆ ಬಂತು, ಆಗಲೂ ಸಾಗಿತ್ತು.

ಮಾಳವ್ವ ಪರದೆಯತ್ತ ತಲೆ ತಿರುಗಿಸಲಿಲ್ಲ. ಆದರೆ ಕೆಲಸ ಬಿಟ್ಟು ಮನೆಗೆ ಹೋಗುವವರನ್ನು ನೋಡಕೂಡದು ಎಂದು ಡಂಗುರದಲ್ಲಿ ಹೇಳಿರಲಿಲ್ಲವಲ್ಲ. ಸಂಜೆ ಜಗಲಿಯ ಮೇಲೆ ಕೂತು ನೋಡಿದಳು. ಮೈಯೆಲ್ಲ ಗಾರೆ, ತಲೆಯೆಲ್ಲ ಕಲ್ಲಿನ ಪುಡಿ. ಪಂಚೆ ಮಾತ್ರ ಒಣಗಿದ್ದು. ಮರುದಿನ ನೋಡಿದಳು, ಒಣಪಂಚೆ. ಹೊಳೆಯ ನಡುವೆ ಕಂಬ ನಿಲ್ಲಿಸುವವನು ಒಂದು ದಿನವಾದರೂ ಒದ್ದೆ ಪಂಚೆಯಲ್ಲಿ ಮನೆಗೆ ಬರಬೇಡವೇ?

ಬೋರೋಜಿಯನ್ನು ತಡೆದು ಕೇಳಿದಳು. "ಬೋರೋಜಪ್ಪ, ನಡುನೀರಿನ ಕಂಬ ಯಾರದ್ದು?"

"ಆ ದಡದವರದ್ದು. ನಿಂಗ್ಯಾಕಮ್ಮಿ? ಕಣ್ಣಾಯ್ತು, ಈಗ ಬಾಯೂ ಹಾಕ್ತೀಯಾ?"

ಸಂತೆಯಲ್ಲಿ ಕಾಳಾಚಾರಿ ಸಿಕ್ಕಿದ. ಅವನನ್ನೂ ಕೇಳಿದಳು.

"ನಡುಗಂಬವಾ? ಅದು ನಿಮ್ಮ ಬೋರೋಜಿದು."

ಮಾಳವ್ವ ಮಂತ್ರಿಯ ಬಾಗಿಲಿಗೆ ಹೋದಳು. "ಬುದ್ಧೀ, ಇವನು ಅವನದ್ದು ಅಂತಾನೆ, ಅವನು ಇವನದ್ದು ಅಂತಾನೆ. ಒಂದು ಸಲ ಪರದೆ ಎತ್ತಿ ನೋಡ್ರಿ."

ಮಂತ್ರಿ ಮುಖ ತಿರುಗಿಸಿಕೊಂಡ. "ದಿನಾ ಹೋಗಿ ಕೇಳ್ತಿದ್ದೀನಿ, ಸಾಗೈತೆ ಅಂತಾವ್ರೆ. ನೀನು ಬಾಯಿಬಿಟ್ಟರೆ ನಿಂತ ಸೇತುವೆ ಕೂತುಬಿಡುತ್ತೆ. ನಡಿ ಆಚೆ!"

ಮುಹೂರ್ತ ಹತ್ತಿರ ಬಂತು. ಹೊಸ ಮದುಮಕ್ಕಳು ಮೊದಲು ದಾಟಬೇಕು ಎಂದು ಶಾಸ್ತ್ರ ಹೇಳಿದರು. ಬೋರೋಜಿಯ ಮಗಳಿಗೆ ಹೊಸದಾಗಿ ಮದುವೆಯಾಗಿತ್ತು. ಅವಳ ಕಾಲು ಉಳುಕಿತ್ತಂತೆ. ಕಾಳಾಚಾರಿಯ ಸೊಸೆಗೆ ಜ್ವರವಂತೆ. ಗಾರೆಯವನ ತಮ್ಮನಿಗೆ ತಲೆಸುತ್ತಂತೆ. ಸೇತುವೆಗೆ ಕೈಹಚ್ಚಿದ ಮನೆಗಳಲ್ಲೆಲ್ಲ ರೋಗವೋ ರೋಗ. ಕೊನೆಗೆ ಮಂತ್ರಿಗೆ ಸಿಕ್ಕವರು ಆ ವಾರ ಧಾರೆಯಾಗಿದ್ದ ಪುಟ್ಟೀರಿ ಮತ್ತು ಚೆಲುವ. ತಾಯಿಯ ಕಣ್ಣು ಕೆಟ್ಟದ್ದು, ಮಗಳ ಕಾಲು ಪರವಾಗಿಲ್ಲ ಎಂದಾಯಿತು.

ಮುಹೂರ್ತದ ದಿನ ಆನೆಗೆ ಜೂಲು ಹೊದಿಸಿದ್ದರು, ತಲೆತಲೆಗೂ ಪೇಟವಿತ್ತು. ಹೋಳಿಗೆ ಬೇಯುತ್ತಿತ್ತು. ಪರದೆ ಸರಿಸಿದರು. ಸೇತುವೆಯ ಉದ್ದಕ್ಕೂ ಹೂವು ಹಾಸಿತ್ತು, ಕಲ್ಲು ಕಾಣದಷ್ಟು. ಬಾಸಿಂಗ ಕಟ್ಟಿಕೊಂಡ ಪುಟ್ಟೀರಿ ಗಂಡನ ಪಕ್ಕ ನಿಂತಿದ್ದಳು. ಆ ಹೊತ್ತಿಗೆ ಆಚೆ ದಡದಿಂದ ಕಾಳಾಚಾರಿ ಬಂದ. ಹರಿಗೋಲಿನಲ್ಲಿ ಬಂದ.

ಮಾಳವ್ವ ಅದನ್ನು ಕಂಡಳು. ಇಷ್ಟು ವರ್ಷ ನುಂಗಿದ್ದೆಲ್ಲ ನೆತ್ತಿಗೇರಿತು. ಜನರ ನಡುವೆ ನುಗ್ಗಿದಳು. ದಾರಿ ಬಿಡಿ ಎಂದು ಕೇಳಬೇಕಾಗಲಿಲ್ಲ. ಮುಖ ಮುಚ್ಚಿಕೊಂಡು ಅವರೇ ಸರಿದರು.

"ಹಿಡೀರಿ ಅವಳನ್ನ!" ಮಂತ್ರಿ ಕೂಗಿದ. "ಸೇತುವೆ ಮೇಲೆ ಕಣ್ಣು ಬಿಟ್ಟಾಳು!"

ಮಾಳವ್ವ ಸೆರಗಿನ ಅಂಚು ಪರ್ರನೆ ಹರಿದಳು. ಎರಡು ಸುತ್ತು ಸುತ್ತಿ ತನ್ನ ಕಣ್ಣಿಗೆ ತಾನೇ ಕಟ್ಟಿಕೊಂಡಳು.

"ದೊರೆಯೇ, ಕೆಟ್ಟ ಕಣ್ಣು ಮುಚ್ಚಾಯ್ತು. ಇನ್ನು ನಿಮ್ಮ ಸೇತುವೆಗೆ ಯಾವ ಭಯವೂ ಇಲ್ಲ. ಕಟ್ಟಿದವರು ಮುಂದೆ ನಡೀಲಿ, ನನ್ನ ಮಗಳು ಹಿಂದೆ ಬರ್ತಾಳೆ."

ದೊರೆಗೆ ಇದರಲ್ಲಿ ತಪ್ಪು ಕಾಣಲಿಲ್ಲ. "ನಡಿ ಬೋರೋಜಿ."

"ಶಾಸ್ತ್ರಕ್ಕೆ ಮದುಮಕ್ಕಳೇ ಆಗಬೇಕು ಬುದ್ಧೀ."

"ಕಾಳಾಚಾರಿ?"

"ನಂಗೆ ಮಂಡಿನೋವು ಬುದ್ಧೀ."

"ಮಂಡಿನೋವಿನವನು ಹರಿಗೋಲು ಯಾಕೆ ಹತ್ತಿದೆಯೋ?" ಮಾಳವ್ವ ಗುಡುಗಿದಳು. "ನೀನೇ ಕಟ್ಟಿದ ಸೇತುವೆ ಇರಲಿಲ್ವಾ, ನಡ್ಕಂಡು ಬರೋಕೆ?"

ಜನ ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು.

"ಹೋಗಲಿ, ಮಂತ್ರಿಗಳು ನಡೀಲಿ. ದಿನಾ ವಿಚಾರಿಸಿದವರು" ಅಂದಳು ಮಾಳವ್ವ.

ಮಂತ್ರಿ ಪೇಟ ಸರಿಮಾಡಿಕೊಂಡ. ಕಾಲು ಸರಿಸಲಿಲ್ಲ.

"ಯಾರೂ ಬೇಡ. ದೃಷ್ಟಿ ಕಾದ ಕುಂಬಳಕಾಯೇ ಮುಂದೆ ಹೋಗಲಿ. ಪುಟ್ಟೀ, ಕೈಕೊಡು."

ತಾಯಿ ಮಗಳು ಆ ಕುಂಬಳಕಾಯಿ ಇಳಿಸಿ ಸೇತುವೆಯ ಮೇಲೆ ಉರುಳಿಬಿಟ್ಟರು. ಉರುಳಿತು, ಹೂವಿನ ಮೇಲೆ ಉರುಳಿತು, ಉರುಳುತ್ತಾ ಉರುಳುತ್ತಾ ನಡುವಿಗೆ ಹೋಯಿತು. ಬರ್ರೆಂದು ಏನೋ ಹರಿಯಿತು. ಕುಂಬಳಕಾಯಿ ಕಾಣಲಿಲ್ಲ. ಒಂದು ಉಸಿರು ಕಳೆದ ಮೇಲೆ ಕೆಳಗಿನ ಮಡುವಿನಿಂದ ದುಡುಮ್ ಎಂದು ಸದ್ದು ಬಂತು.

ನಡುವೆ ಕಂಬವೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಬಿದಿರು ಚಾಪೆ, ಮೇಲೆ ಮಣ್ಣು, ಅದರ ಮೇಲೆ ಹೂವು. ಮುಹೂರ್ತ ಹತ್ತಿರ ಬಂದು ನಡುವಿನ ಪರದೆ ಎತ್ತಿದಾಗಲೇ ಇಬ್ಬರು ಮೇಸ್ತ್ರಿಗಳಿಗೂ ಕಂಬವಿಲ್ಲದ್ದು ಕಂಡಿತ್ತಂತೆ. ಮುಹೂರ್ತ ಮೀರುವ ಹಾಗಿಲ್ಲ ಎಂದು ಚಾಪೆ ಹಾಸಿದ್ದರಂತೆ.

"ಪ್ರಭು, ಇದು ಇವಳ ದೃಷ್ಟಿ..." ಎಂದು ಮಂತ್ರಿ ಶುರುಮಾಡಿದ. ಮಾಳವ್ವನ ಕಣ್ಣಿಗೆ ಕಟ್ಟಿದ ಬಟ್ಟೆಯನ್ನು ಇಡೀ ಊರು ನೋಡುತ್ತಿತ್ತು. ಮಂತ್ರಿ ಮತ್ತೆ ಪೇಟ ಸರಿಮಾಡಿಕೊಂಡ.

ಅವಳು ಬಟ್ಟೆ ಕಿತ್ತೆಸೆದಳು.

"ನನ್ನ ಗಂಡನ್ನ ಹೊಳೆ ತಿಂತು. ಹೊಳೆಗೆ ಕಣ್ಣಿಲ್ಲ, ಬಿಟ್ಟುಬಿಟ್ಟೆ. ನಿಮಗಿದ್ವಲ್ಲೋ? ನಿಮ್ಮ ನಿಮ್ಮ ಮಕ್ಕಳನ್ನ ಮನೇಲಿ ಬಚ್ಚಿಟ್ಟು ನನ್ನ ಮಗಳನ್ನ ಚಾಪೆ ಮೇಲೆ ಬಿಡೋಕೆ ಬಂದ್ರಲ್ಲೋ!"

ದೊರೆ ನಾಚಿ ತಲೆ ತಗ್ಗಿಸಿದನಂತೆ. ನಂಬುವವರು ನಂಬಲಿ. "ತಾಯೀ, ಇನ್ನು ಮೇಲೆ ನೀನೇ ದಿನಾ ಬಂದು ನೋಡಿ ಹೇಳು" ಅಂದನಂತೆ.

"ನಾನ್ಯಾಕೆ ನೋಡ್ಲಿ? ಕಟ್ಟಿಸೋರು ನೀವು, ನೀವು ನೋಡ್ರಿ. ದಡದಲ್ಲಿ ನಿಂತು ಕೂಗಬೇಡಿ. ನೀರಿಗಿಳಿದು ನೋಡ್ರಿ."

ಊರೆಲ್ಲ ಕೇಳಿದ ಮಾತು, ದೊರೆಗೆ ಬೇರೆ ದಾರಿಯಿರಲಿಲ್ಲ. ಪರದೆಗಳನ್ನು ಹರಿದು ಬಾಣಂತಿಯರಿಗೆ ತೊಟ್ಟಿಲು ಕಟ್ಟಲು ಕೊಟ್ಟರು. ಮೊದಲು ಕೋಲು ಬಿಟ್ಟು ಆಳ ನೋಡಿದರು, ಯಾವ ಕಲ್ಲು ಯಾರದ್ದು ಎಂದು ಮಾತಾಡಿಕೊಂಡರು, ಆಮೇಲೆ ಕೆಲಸಕ್ಕಿಳಿದರು. ಬೋರೋಜಿ, ಕಾಳಾಚಾರಿ ಕತ್ತಿನವರೆಗೆ ನೀರಲ್ಲಿ, ದೊರೆ ಎದೆಯವರೆಗೆ, ಮಂತ್ರಿ ಸೊಂಟದವರೆಗೆ, ಅವನು ಬಿಟ್ಟ ಪಲ್ಲಕ್ಕಿ ದಡದಲ್ಲಿ. ಸಂಜೆ ಎಲ್ಲರೂ ಮಾಳವ್ವನ ಜಗಲಿ ಮುಂದೆಯೇ ಹಾದುಹೋಗಬೇಕು. ಅವಳು ಮುಖ ನೋಡುತ್ತಿರಲಿಲ್ಲ, ಪಂಚೆ ನೋಡುತ್ತಿದ್ದಳು. ಒಣಗಿದ್ದರೆ, "ಯಾಕಪ್ಪಾ?" ಅನ್ನುವಳು. ದೊರೆಯನ್ನೂ ಒಂದು ಸಲ ಅಂದಳಂತೆ.

ಸೇತುವೆ ಮುಗಿದದ್ದು ಮರುವರ್ಷ ಒಂದು ಅಮಾವಾಸ್ಯೆಯ ದಿನ, ಯಾವ ಮುಹೂರ್ತವೂ ಇಲ್ಲದ ಹೊತ್ತಿನಲ್ಲಿ. ಮೊದಲು ದೊರೆ ದಾಟಿದ, ಆಮೇಲೆ ಮಂತ್ರಿ, ಮೇಸ್ತ್ರಿಗಳು, ಅವರವರ ಮಕ್ಕಳು. ಎಲ್ಲರೂ ದಾಟಿದ ಮೇಲೆ ಪುಟ್ಟೀರಿ ದಾಟಿದಳು. ಆ ಮಳೆಗಾಲದಲ್ಲಿ ಹೆರಿಗೆಗೆಂದು ತುಂಬಿದ ಹೊಳೆಯ ಮೇಲೆ ನಡೆದೇ ತವರಿಗೆ ಬಂದಳಂತೆ. ಇಷ್ಟಾದರೂ ಮಾಳವ್ವ ಬೀದಿಗೆ ಬಂದರೆ ಹೆಂಗಸರು ಹಾಲಿನ ಚೆಂಬಿಗೆ ತಟ್ಟೆ ಮುಚ್ಚುವುದನ್ನು ಬಿಡಲಿಲ್ಲವಂತೆ.

ಅವರು ಅಲ್ಲಿ ಆ ಸೇತುವೆಯ ಮೇಲೆ ಸುಖವಾಗಿ ಓಡಾಡಿಕೊಂಡಿದ್ದಾರೆ. ನಾವು ಇಲ್ಲಿ ಪರದೆಯ ಹೊರಗೆ ನಿಂತು, ಕೆಲಸ ಹೇಗೆ ಸಾಗಿದೆ ಎಂದು ಕೇಳಿಕೊಂಡಿದ್ದೇವೆ.