ಒಂಬತ್ತನ್ನು ಒತ್ತದ ಅಕ್ಕ

ಗುರುಗಳ ಕಥೆ ಎಂದ ಕೂಡಲೇ ಕಮಂಡಲ, ಜಡೆ, ಹುಲಿಚರ್ಮ ಎಂದು ಕಣ್ಣು ಮುಚ್ಚಿಕೊಳ್ಳುವವರು ಸ್ವಲ್ಪ ತಾಳಬೇಕು. ಈ ಕಥೆಯಲ್ಲಿ ಇರುವುದು ಒಂದು ಟೆಲಿಫೋನು. ನದಿಯೂ ಇದೆ ಅನ್ನಿ, ವರದಾ ನದಿ. ಆದರೆ ಅದು ತನ್ನ ಪಾಡಿಗೆ ಹರಿಯುತ್ತದೆ, ಕಥೆಗೆ ಅಡ್ಡ ಬರುವುದಿಲ್ಲ.

ನದಿಯ ದಂಡೆಯ ಮೇಲೆ ಒಂದು ಆಶ್ರಮ. ಗುರುಗಳ ಹೆಸರು ಮುರಿಗೆಯ್ಯ. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ಎಲ್ಲರಿಗೂ ಅವರು ಅಜ್ಜಾರು.

ಶಿಷ್ಯ ಗದಿಗೆಪ್ಪ. ಮೂವತ್ತೈದರ ಆಸುಪಾಸು. ದಾವಣಗೆರೆಯ ಒಂದು ಕಚೇರಿಯಲ್ಲಿ ಟೆಲಿಫೋನುಗಳ ಉಸ್ತುವಾರಿ ನೋಡಿಕೊಂಡಿದ್ದವನು, ಎಲ್ಲ ಬಿಟ್ಟು ಬಂದ.

ಎಲ್ಲ ಅಂದರೆ ಒಬ್ಬಳನ್ನು. ಅಕ್ಕ ಹಾಲವ್ವ. ಅವನಿಗೆ ನಾಲ್ಕು ವರ್ಷವಿದ್ದಾಗ ತಾಯಿ ಹೋದಳು. ಅಕ್ಕನೇ ಉಣಿಸಿ ಬೆಳೆಸಿದಳು. ರಾಣೆಬೆನ್ನೂರಿನಲ್ಲಿ ಖಾನಾವಳಿ ನಡೆಸಿ, ರೊಟ್ಟಿ ಬಡಿದ ಕೈಯಲ್ಲೇ ಅವನ ಶಾಲೆಯ ಚೀಲ ಹೊಲಿದವಳು.

ಅವನನ್ನು ಆಶ್ರಮಕ್ಕೆ ತಂದು ಬಿಟ್ಟವಳೂ ಅವಳೇ. ಬಿಡುವಾಗ ಅಜ್ಜಾರ ಎದುರಿಗೇ ಹೇಳಿದಳು.

"ಸನ್ಯಾಸಿ ಆಗು, ಏನರ ಆಗು. ನಾ ಫೋನ್ ಮಾಡಿದ್ರ ಮಾತ್ರ ಎತ್ತಬೇಕು ನೋಡು."

"ಎತ್ತತೇನಿ ಬೇ."

"ಅಜ್ಜಾರ, ನೀವು ಕೇಳಿಸ್ಕೊಂಡ್ರಿ ಹೌದಿಲ್ಲೋ?"

"ಕೇಳಿಸ್ಕೊಂಡೆ ತಾಯಿ," ಅಂದರು ಅಜ್ಜಾರು.

ಆಗ ಆಶ್ರಮದಲ್ಲಿ ಇದ್ದುದು ಒಂದೇ ಫೋನು, ಪಡಸಾಲೆಯ ಗೂಡಿನಲ್ಲಿ. ಗಂಟೆ ಬಾರಿಸಿದರೆ ಹತ್ತಿರ ಇದ್ದವರು ಎತ್ತುವುದು, ಯಾರಿಗೆ ಬಂದಿದೆಯೋ ಅವರ ಹೆಸರು ಹಿಡಿದು ಕೂಗುವುದು. ಅಷ್ಟೇ ಪದ್ಧತಿ.

"ಗದಿಗೆಪ್ಪಾ! ನಿಮ್ಮಕ್ಕಾ!"

ಅಡುಗೆಯ ಗೌರವ್ವನ ಗಂಟಲು ನದಿಯ ಆಚೆ ದಡ ಮುಟ್ಟುತ್ತಿತ್ತು. ಧ್ಯಾನಕ್ಕೆ ಕೂತವರು ಒಂದು ಕಣ್ಣು ತೆರೆಯುತ್ತಿದ್ದರು. ಗದಿಗೆಪ್ಪ ಪಂಚೆ ಎತ್ತಿ ಹಿಡಿದು ಓಡುತ್ತಿದ್ದ.

ವಾರಕ್ಕೊಮ್ಮೆ ಹೀಗೆ. "ಉಂಡಿ?" "ಉಂಡೆ." "ನೆಗಡಿ?" "ಇಲ್ಲ ಬೇ." "ಆತು, ಇಡು." ಮಾತು ಇಷ್ಟೇ. ಇದಕ್ಕೆ ಇಷ್ಟು ಓಟ.

ಹುಬ್ಬಳ್ಳಿಯ ಭಕ್ತರೊಬ್ಬರು ತಮ್ಮ ಕಚೇರಿ ಮುಚ್ಚಿದಾಗ ಒಂದೇ ಲೈನನ್ನು ಹಲವು ಫೋನುಗಳಿಗೆ ಹಂಚುವ ಅಲ್ಲಿನ ಟೆಲಿಫೋನ್ ಪೆಟ್ಟಿಗೆಯನ್ನೂ ಹದಿನಾಲ್ಕು ಫೋನುಗಳನ್ನೂ ಆಶ್ರಮಕ್ಕೆ ತಂದು ಇಳಿಸಿದರು. ಗದಿಗೆಪ್ಪನ ಮುಖ ಅರಳಿತು. ಬಿಟ್ಟು ಬಂದ ವಿದ್ಯೆ ತಾನೇ ಹುಡುಕಿಕೊಂಡು ಬಂದಿತ್ತಲ್ಲ!

ಹದಿನೈದು ದಿನ ತಂತಿ ಎಳೆದ. ಅಜ್ಜಾರ ಕೋಣೆಗೆ ಒಂದು ನಂಬರು, ದಾಸೋಹದ ಅಡುಗೆಮನೆಗೆ ಒಂದು, ಗೋಶಾಲೆಗೆ ಒಂದು, ಪುಸ್ತಕದ ಕೋಣೆಗೆ ಒಂದು. ಮೊದಲ ವಾರ ಗೌರವ್ವ ಹಾಲಿಗೆಂದು ಗೋಶಾಲೆಗೆ ಮಾಡಿದರೆ ಪುಸ್ತಕದ ಕೋಣೆಯ ಪಂಡಿತರು ಎತ್ತುತ್ತಿದ್ದರು.

"ಎಷ್ಟ್ ಹಿಂಡಿರಿ?" ಅನ್ನುವಳು ಆಕೆ.

ಪಂಡಿತರು ಫೋನನ್ನೇ ಮೇಜಿನ ಡ್ರಾಯರಿನಲ್ಲಿ ಇಟ್ಟು ಮುಚ್ಚಿದರು.

ಅದೆಲ್ಲ ಸರಿಹೋಯಿತು. ಧ್ಯಾನದ ಹೊತ್ತಿನಲ್ಲಿ ಯಾವ ಕೋಣೆಯಲ್ಲೂ ಗಂಟೆ ಬಾರಿಸದಂತೆ ಮಾಡಿದ. ಒಬ್ಬರು ಎತ್ತದಿದ್ದರೆ ಕರೆ ಇನ್ನೊಬ್ಬರಿಗೆ ಹೋಗುವಂತೆ ಮಾಡಿದ. ಕೊನೆಗೆ ಹೊರಗಿನ ಕರೆಗಳಿಗೆಲ್ಲ ಪೆಟ್ಟಿಗೆಯೇ ಉತ್ತರ ಕೊಡುವಂತೆ ತನ್ನ ದನಿಯನ್ನು ಅದರೊಳಗೆ ತುಂಬಿಸಿದ.

ಐದು ಸಲ ಹೇಳಿ ಐದನೆಯದನ್ನು ಇಟ್ಟುಕೊಂಡ. ಆ ದಿನ ಅವನಿಗೆ ನೆಗಡಿ.

"ಶರಣು. ಆಶ್ರಮಕ್ಕೆ ತಮಗೆ ಸ್ವಾಗತ. ದರ್ಶನದ ಸಮಯ ತಿಳಿಯಲು ಒಂದನ್ನು ಒತ್ತಿರಿ. ದಾಸೋಹದ ವಿಚಾರಕ್ಕೆ ಎರಡನ್ನು ಒತ್ತಿರಿ. ಕಚೇರಿಗೆ ಒಂಬತ್ತನ್ನು ಒತ್ತಿರಿ. ತಮ್ಮ ಕರೆ ನಮಗೆ ಅಮೂಲ್ಯ."

ಯಾರೂ ಏನೂ ಒತ್ತದಿದ್ದರೆ ಇದನ್ನೇ ಮೂರು ಸಲ ಹೇಳಿ ಪೆಟ್ಟಿಗೆ ತಾನೇ ಕರೆ ಕಡಿಯಬೇಕು. ಇದೂ ಅವನದೇ ಏರ್ಪಾಟು.

ಅಜ್ಜಾರನ್ನು ಕರೆದು ತೋರಿಸಿದ. ಅವರು ಕಿವಿಗಿಟ್ಟು ಪೂರ್ತಿ ಕೇಳಿದರು.

"ಮೊದಲ ಫೋನ್ ಬಂದ್ರ ಏನ್ ಮಾಡ್ತಿದ್ವಿ ಗದಿಗೆಪ್ಪ?"

"ಹತ್ರ ಇದ್ದೋರು ಎತ್ತತಿದ್ದರ್ರಿ. ಆಮ್ಯಾಲ ಒದರತಿದ್ದರು."

"ಈಗ?"

"ಈಗ ಒದರೋದೇ ಬ್ಯಾಡ್ರಿ ಅಜ್ಜಾರ."

"ಎಲ್ಲಾರೂ ಸುಮ್ಮನಾದಂಗಾತು," ಅಂದರು ಅಜ್ಜಾರು.

ಗದಿಗೆಪ್ಪ ಅದನ್ನು ಮೆಚ್ಚುಗೆ ಎಂದೇ ತಿಳಿದ.

ವಾರ ಕಳೆಯಿತು. ಎರಡು ವಾರ ಕಳೆಯಿತು. ಅಕ್ಕನ ಫೋನು ಬರಲಿಲ್ಲ. ಖಾನಾವಳಿಯ ನಂಬರಿಗೆ ಒಂದು ಸಲ ತಾನೇ ಮಾಡಿದ. ಆ ನಂಬರು ಈಗ ಇಲ್ಲ ಎಂದಿತು. ಅಕ್ಕ ಹೊಸ ನಂಬರು ಕೊಡಲಿಲ್ಲವಲ್ಲ ಅನ್ನಿಸಿತು. ಅದರ ಹಿಂದೆಯೇ ಇನ್ನೊಂದು ಅನ್ನಿಸಿತು. ಅದನ್ನು ಅಜ್ಜಾರ ಮುಂದೆ ಹೇಳಿಯೂ ಹೇಳಿದ.

"ಅಜ್ಜಾರ, ಅಕ್ಕ ಫೋನ್ ಮಾಡೋದು ಬಿಟ್ಟಾಳ್ರಿ."

"ಹೌದಾ?"

"ಆಕೀ ಮೋಹ ತಾನಾಗೇ ಸಡ್ಲ ಆತು ಅನಸ್ತೈತ್ರಿ. ನನ್ನದೂ."

ಅಜ್ಜಾರು ಅವನ ಮುಖವನ್ನೇ ನೋಡಿದರು.

ಪೆಟ್ಟಿಗೆಗೆ ಒಂದು ಗುಣವಿತ್ತು. ಯಾವ ನಂಬರಿನಿಂದ, ಎಷ್ಟು ಹೊತ್ತಿಗೆ, ಎಷ್ಟು ಹೊತ್ತು ಕರೆ ಬಂತು ಎಂಬುದನ್ನೆಲ್ಲ ಬರೆದಿಡುತ್ತಿತ್ತು. ಬಿಡುವಾದಾಗೊಮ್ಮೆ ಗದಿಗೆಪ್ಪ ಅದನ್ನು ಕಾಗದದ ಮೇಲೆ ಇಳಿಸಿ ಓದುವನು. ಹೂವಿನ ತೋಟ ನೋಡಿದಷ್ಟು ಸಂತೋಷ ಅವನಿಗೆ.

ಗುರುತಿಲ್ಲದ ಒಂದು ಮೊಬೈಲ್ ನಂಬರಿನ ಮೇಲೆ ಅವನ ಬೆರಳು ನಿಂತಿತು. ದಿನವೂ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಿತ್ತು. ದಿನವೂ ಒಂದೂವರೆ ನಿಮಿಷ. ಒಂದೂ ಒತ್ತಿಲ್ಲ, ಎರಡೂ ಒತ್ತಿಲ್ಲ, ಒಂಬತ್ತೂ ಒತ್ತಿಲ್ಲ. ಮೂರು ಸಲ ಕೇಳುವುದು, ಕಡಿಯುವುದು. ಹೀಗೆ ನಲವತ್ತಮೂರು ದಿನ.

ಕಾಗದ ಹಿಡಿದು ಅಜ್ಜಾರ ಹತ್ತಿರ ಹೋದ.

"ಯಾರೋ ಚ್ಯಾಷ್ಟಿ ಮಾಡಾಕತ್ತಾರ್ರಿ. ಇರೋದು ಒಂದೇ ಲೈನು. ಇವರು ಹಿಡ್ಕೊಂಡು ಕುಂತ್ರ ಉಳದೋರಿಗೆ ಸಿಗಂಗಿಲ್ಲ."

"ದಿನಾ ಹನ್ನೊಂದಕ್ಕನ?"

"ದಿನಾ ಹನ್ನೊಂದಕ್ಕ."

"ಯಾರು ಏನು ಅಂತ ಕೇಳಿಯೇನು?"

"ಹೆಂಗ ಕೇಳೋದ್ರಿ? ಒತ್ತೋದೇ ಇಲ್ಲಲ್ಲ."

"ಆ ನಂಬರಿಗೆ ನೀನ ಒಮ್ಮೆ ಮಾಡಬಹುದು."

"ನಾವ್ಯಾಕ ಮಾಡೋದ್ರಿ ಅಜ್ಜಾರ? ಬೇಕಾದೋರು ಒತ್ತಲಿ."

ಅಜ್ಜಾರು ಕಾಗದ ಮರಳಿಸಿದರು. ಹೆಗಲ ಮೇಲೆ ಅರಿವೆ ಹಾಕಿಕೊಂಡು ನದಿಯ ಕಡೆ ನಡೆದರು.

ಅಂದೇ ಗದಿಗೆಪ್ಪ ಆ ನಂಬರಿಗೆ ತಡೆ ಹಾಕಿದ. ನಾಲ್ಕು ಗುಂಡಿ ಒತ್ತಿದರೆ ಮುಗಿಯುವ ಕೆಲಸ. ಮರುದಿನದಿಂದ ಹನ್ನೊಂದಕ್ಕೆ, ಕರೆ ಬಂದಾಗ ಹತ್ತುವ ಪೆಟ್ಟಿಗೆಯ ಕೆಂಪು ದೀಪ ಹತ್ತಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ, ದಾಸೋಹದ ಪಂಕ್ತಿ ಏಳುವ ಹೊತ್ತಿಗೆ, ಒಬ್ಬ ಹೆಣ್ಣುಮಗಳು ಬಾಗಿಲಲ್ಲಿ ಬಂದು ನಿಂತಳು. ಬಸ್ಸಿನ ಧೂಳು ತಲೆಯ ಮೇಲೆಯೇ ಇತ್ತು. ಸುಮಂಗಲಾ, ಅಕ್ಕನ ಮಗಳು.

"ಬಾರವ್ವ! ಊಟಕ್ಕ ಸರಿಯಾಗಿ ಬಂದಿ ನೋಡು," ಅಂದ ಗದಿಗೆಪ್ಪ. "ಅಕ್ಕ ಹೆಂಗದಾಳ?"

ಅವಳು ನಿಂತೇ ಇದ್ದಳು.

"ಅವ್ವ ಹೋದ್ಲು ಮಾವ."

"ಎಲ್ಲಿಗೆ?"

ಕೇಳಿದ ಮೇಲೆ ಅವನಿಗೇ ತಿಳಿಯಿತು.

ಗೌರವ್ವ ಬಂದು ಹುಡುಗಿಯನ್ನು ಕೂಡಿಸಿದಳು, ನೀರು ಕೊಟ್ಟಳು. ಅಜ್ಜಾರು ಬಂದು ಅಲ್ಲೇ ನೆಲದ ಮೇಲೆ ಕೂತರು.

"ಯಾವತ್ತು?" ಅಂದ ಗದಿಗೆಪ್ಪ.

"ಇವತ್ತಿಗೆ ಮೂರು ದಿನ. ಮಣ್ಣೂ ಆತು. ನಿನಗ ಎಷ್ಟ್ ಸಲ ಮಾಡಿದೆ ಮಾವ. ಬರೇ ಎಂಗೇಜು. ಇಲ್ಲಿ ಲೈನ್ ಕೆಟ್ಟೇತಿ ಅಂದ್ಕೊಂಡ್ವಿ. ನಿನ್ನ ಹಾದಿ ನೋಡಿ ನೋಡಿ, ಸಂಜಿ ಆತು ಅಂತ ಹಿರ್‍ಯಾರು ಎತ್ತಿದರು."

"ಏನಾಗಿತ್ತು ಆಕೀಗೆ?"

"ಕಿಡ್ನಿ. ಎರಡು ತಿಂಗಳ ಮ್ಯಾಲಾತು ಹಾಸಿಗಿ ಹಿಡದು. ಖಾನಾವಳಿ ಬಂದ್ ಮಾಡಿದ್ವಿ. ಆ ಫೋನೂ ತಗಸಿದ್ವಿ."

"ನನಗ ಒಂದ್ ಮಾತು ಹೇಳಬಾರದೇನವ್ವ!"

"ಹೇಳಬ್ಯಾಡ ಅಂದಿದ್ಲು. ಆಣಿ ಹಾಕಿದ್ಲು. ಆದ್ರ ನಿನಗ ಫೋನ್ ದಿನಾ ಮಾಡ್ತಿದ್ಲಲ್ಲ, ನನ್ನ ಮೊಬೈಲ್‌ನಾಗ."

ಗದಿಗೆಪ್ಪ ಮೆಲ್ಲಗೆ ಕೇಳಿದ. "ಎಷ್ಟೊತ್ತಿಗೆ?"

"ಹನ್ನೊಂದಕ್ಕ. ಗುಳಿಗಿ ತಗೊಂಡ ಮ್ಯಾಲ."

ಗದಿಗೆಪ್ಪನ ಕೈ ಕಂಬವನ್ನು ಹುಡುಕಿತು.

"ಯಾಕ ಒತ್ತಲಿಲ್ಲ ಆಕಿ? ಒಂಬತ್ತು ಒತ್ತು ಅಂತ ಹೇಳತೈತಲ್ಲ ಅದು!"

"ನಾನೂ ಹೇಳಿದೆ ಮಾವ. ಅವ್ವಾ, ಅದು ಮಶೀನು, ಒಂಬತ್ತು ಒತ್ತಿದ್ರ ಮನಶ್ಯಾ ಬರ್ತಾನ ಅಂತ. ಗೊತ್ತೈತಿ ಬಿಡಬೇ, ಅಷ್ಟೂ ತಿಳಿಯಂಗಿಲ್ಲೇನು ನನಗ, ಅಂದ್ಲು. ಒತ್ತಿದ್ರ ಅವನ್ನ ಕರೀತಾರ, ಎಲ್ಲಿ ಇರ್ತಾನೋ ಏನೋ, ಓಡಿ ಬರಬೇಕು. ದನಿ ಕೇಳಿಸ್ತಲ್ಲ, ಸಾಕು ಅಂದ್ಲು."

"ಓಡೋದೇನೂ ಇರಲಿಲ್ಲವ್ವ," ಅಂದ ಗದಿಗೆಪ್ಪ. "ಒಂಬತ್ತು ಅಂದ್ರ ನಾನ. ಆ ಫೋನಿನ ಮುಂದ ಕುಂತಿರತಿದ್ದೆ ನಾನು."

ಸುಮಂಗಲಾ ಸೆರಗಿನಿಂದ ಮುಖ ಒರೆಸಿಕೊಂಡಳು. ಅಷ್ಟರಲ್ಲಿ ಅವಳಿಗೆ ಏನೋ ನೆನಪಾಗಿ ತುಟಿಯಲ್ಲಿ ನಗೆ ಬಂತು.

"ದಿನಾ ನಗಸ್ತಿದ್ಲು ಮಾವ. ಫೋನ್ ಕಟ್ಟಾದ ಕೂಡ್ಲೆ, ಇನ್ನೂ ಕಮ್ಮಿ ಆಗಿಲ್ಲ ನೋಡು ಅವನ ನೆಗಡಿ, ಆ ಅಜ್ಜಾರು ಕಷಾಯ ಕೊಡಂಗಿಲ್ಲೇನು, ಅನ್ನಾಕಿ. ಅದು ಮಾತಾಡೋ ತನಕ ಹೂಂ ಹೂಂ ಅಂತ ಹೂಂಗುಟ್ಟಾಕಿ. ಮೂರು ಸಲಾನೂ."

"ಕಡೀ ಒಂಬತ್ತು ದಿನ?"

"ಎಂಗೇಜು. ಪಾಪ, ಮಂದಿ ಬಾಳ ಆಗ್ಯಾರ, ಬಿಡುವಿಲ್ಲ ಅವಗ ಅಂದ್ಲು. ಆದ್ರೂ ದಿನಾ ಹಚ್ಚಿಕೊಡು ಅನ್ನಾಕಿ. ಹೋದ ದಿನಾನೂ ಹಚ್ಚಿಕೊಟ್ಟೆ."

ಗೌರವ್ವ ಒಲೆಯ ಕಡೆ ತಿರುಗಿ ನಿಂತಳು.

ಗದಿಗೆಪ್ಪ ಎದ್ದ. ಕಚೇರಿಗೆ ಹೋದ. ಗೋಡೆಯ ಮೇಲಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದು, ತಂತಿಗಳನ್ನು ಮುಷ್ಟಿಯಲ್ಲಿ ಹಿಡಿದ.

ಹಿಂದಿನಿಂದ ಅಜ್ಜಾರ ದನಿ ಬಂತು.

"ಏನ್ ಮಾಡ್ತಿ?"

"ಕಿತ್ತು ಹಾಕ್ತೇನ್ರಿ. ನನ್ನ ದನಿ ಇದರಾಗ ಇರೋದು ಬ್ಯಾಡ."

ಬಾಗಿಲಲ್ಲಿ ಸುಮಂಗಲಾ ಕೂಗಿದಳು. "ಬ್ಯಾಡ ಮಾವ! ಅವ್ವ ದಿನಾ ಕೇಳತಿದ್ದ ದನಿ ಅದು!"

ಗದಿಗೆಪ್ಪ ತಂತಿ ಬಿಡಲೂ ಇಲ್ಲ, ಎಳೆಯಲೂ ಇಲ್ಲ.

"ಮೊದಲ ಆ ತಡೆ ತಗಿ," ಅಂದರು ಅಜ್ಜಾರು.

"ಇನ್ನ ಯಾರಿಗೆ ತಗೀಲ್ರಿ?"

"ಫೋನ್ ಈ ಮಗಳ ಕೈಯಾಗ ಐತಲ್ಲ. ಈಕೀಗೆ ಇನ್ಯಾರದಾರ?"

ಅವನು ನಾಲ್ಕು ಗುಂಡಿ ಒತ್ತಿದ. ಒತ್ತುವಾಗ ಎರಡು ಸಲ ತಪ್ಪಿದ.

"ಅಜ್ಜಾರ, ಮೋಹ ಸಡ್ಲ ಆತು ಅಂದೆ ನಾನು. ನಿಮ್ಮ ಮುಂದ ಅಂದೆ. ಅವತ್ತರ ನನ್ನ ಕಪಾಳಕ್ಕ ಯಾಕ ಹೊಡೀಲಿಲ್ರಿ?"

"ನೀ ಎತ್ತಬೇಕು ಅಂತ ಆಕಿ ಹೇಳಿದಾಗ ಕೇಳಿಸ್ಕೊಂಡಾಂವ ನಾನು," ಅಂದರು ಅಜ್ಜಾರು. "ಆ ನಂಬರು ಬರದ ಕಾಗದ ನನ್ನ ಕೈಯಾಗೂ ಇತ್ತು. ನಾನೂ ಮಾಡಲಿಲ್ಲ."



ಅವರು ಸುಮಂಗಲಾಳ ಕಡೆ ಕೈ ಚಾಚಿದರು. ಅವಳು ಮೊಬೈಲು ಕೊಟ್ಟಳು. ಅಂಚು ಒಡೆದದ್ದು, ಹಿಟ್ಟಿನ ಕಲೆ ಇದ್ದದ್ದು. ಅದನ್ನು ಗದಿಗೆಪ್ಪನ ಕೈಯಲ್ಲಿಟ್ಟರು.

"ಇಲ್ಲಿಗೆ ಮಾಡು."

"ಇಲ್ಲಿಗೇನ್ರಿ?"

"ಆಕಿ ಮಾಡಿದಂಗ ಮಾಡು. ಏನೂ ಒತ್ತಬ್ಯಾಡ."

ಗದಿಗೆಪ್ಪ ನೆಲದ ಮೇಲೆ ಕೂತು ಕರೆ ಹಚ್ಚಿದ. ಪೆಟ್ಟಿಗೆಯ ಕೆಂಪು ದೀಪ ಹತ್ತಿತು.

ಶರಣು ಎಂದಿತು. ಸ್ವಾಗತ ಎಂದಿತು. ಒಂದು ಎಂದಿತು, ಎರಡು ಎಂದಿತು, ಒಂಬತ್ತು ಎಂದಿತು. ತಮ್ಮ ಕರೆ ನಮಗೆ ಅಮೂಲ್ಯ ಎಂದಿತು.

ಎರಡನೆಯ ಸಲ ಅವನ ಹೆಬ್ಬೆರಳು ತಾನಾಗಿಯೇ ಒಂಬತ್ತರ ಮೇಲೆ ಬಂತು. ಅಜ್ಜಾರು ಅದನ್ನು ಮೆತ್ತಗೆ ಹಿಡಿದು ಬದಿಗೆ ಸರಿಸಿದರು.

ಮೂರನೆಯ ಸಲ ಅವನು ಕಣ್ಣು ಮುಚ್ಚಿದ. ಅಮೂಲ್ಯ ಎಂದು ಹೇಳಿ ಪೆಟ್ಟಿಗೆ ಕರೆ ಕಡಿಯಿತು. ಅವನು ಮೊಬೈಲನ್ನು ಕಿವಿಯಿಂದ ತೆಗೆಯಲಿಲ್ಲ.

"ಏನ್ ಕೇಳಿಸ್ತು?" ಅಂದರು ಅಜ್ಜಾರು.

"ಯಾರೂ ಇಲ್ರಿ ಅಜ್ಜಾರ," ಅಂದ ಗದಿಗೆಪ್ಪ. "ಇದರಾಗ ನಾನಿಲ್ಲ. ಯಾರಂದ್ರ ಯಾರೂ ಇಲ್ಲ."

ಅಜ್ಜಾರು ಅವನ ಪಕ್ಕದಲ್ಲಿ ಕೂತರು.

"ಅದು ಗೊತ್ತಿದ್ದೂ ಆಕಿ ದಿನಾ ಫೋನ್ ಮಾಡಿದ್ಲು, ತಮ್ಮಾ."