ಕೂಸಿನ ಲೆಕ್ಕಕ್ಕೆ ಬಿದ್ದ ಆಕಳಿಕೆ

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಯಾವ ಊರು ಎಂದು ಕೇಳಬೇಡಿ, ಹೇಳಿ ಹೇಳಿ ನನಗೂ ಸಾಕಾಗಿದೆ. ಆ ರಾಜನಿಗೆ ನಿದ್ದೆ ಬರುತ್ತಿರಲಿಲ್ಲ. ತನಗಿಲ್ಲದ್ದು ಊರಿಗೆಲ್ಲ ಇದೆಯಲ್ಲ ಎಂದು ಹೊಟ್ಟೆಕಿಚ್ಚು. ಅದಕ್ಕೇ ಆಕಳಿಕೆಗೆ ತೆರಿಗೆ ಹಾಕಿದ. ಆಕಳಿಸಿದರು ಎಂದರೆ ಒಳಗೆ ನಿದ್ದೆ ದಾಸ್ತಾನಿದೆ. ದಾಸ್ತಾನಿದ್ದರೆ ಅರಮನೆಗೆ ಪಾಲು ಬರಬೇಕು. ಪಾಲು ಕೊಡುವುದು ಹೇಗೆ? ಅರಮನೆಯ ಜಗಲಿಯ ಮೇಲೆ ಎಚ್ಚರವಾಗಿ ಕೂರಬೇಕು. ನೀವು ಮಲಗದೆ ಉಳಿಸಿದ ನಿದ್ದೆ ರಾಜನಿಗೆ ಸಲ್ಲುತ್ತದೆ. ಸಲ್ಲಿತೋ ಇಲ್ಲವೋ, ರಾಜನಂತೂ ಮಲಗಲಿಲ್ಲ, ಊರೂ ಮಲಗಲಿಲ್ಲ. ಹಲ್ಲು ಬಾರದ ಕೂಸುಗಳಿಗೆ ಮಾತ್ರ ತೆರಿಗೆ ಮಾಫಿ.

ತೆರೆದ ಬಾಯಿಗಳನ್ನು ಎಣಿಸುವುದು ಕಷ್ಟ. ಆದರೆ ನಮ್ಮವರು ಆಕಳಿಸಿದರೆ ಬಾಯಿ ಮುಂದೆ ಚಿಟಿಕೆ ಹೊಡೆಯದೆ ಬಿಡುತ್ತಾರೆಯೇ? ಅರಮನೆಯವರು ಮನೆಮನೆಯ ಗೋಡೆಗೆ ಕಿವಿಯಿಟ್ಟು ಚಿಟಿಕೆ ಎಣಿಸಿಕೊಂಡು ಹೋದರು.

ಆ ಊರಿನಲ್ಲಿ ರೊಟ್ಟಿ ಬಡಿದು ಮಾರುವ ಗುರುಸಿದ್ದವ್ವ ಎಂಬ ಅಜ್ಜಿಯಿದ್ದಳು. ಮೊಮ್ಮಗಳು ಇನ್ನೂ ತೊಟ್ಟಿಲ ಕೂಸು. ಒಂದು ಮಧ್ಯಾಹ್ನ ಅಜ್ಜಿ ಒಲೆ ಆರಿಸಿ, ಕೈ ತೊಳೆದು, ಇನ್ನೇನು ಹೊರಸಿನ ಮೇಲೆ ಬೆನ್ನು ಚಾಚಬೇಕು, ತೆರಿಗೆ ತಪಾಸಣೆಯ ಮುದುಕಪ್ಪ ಸಾಹೇಬ ಬಂದ. ಒಂದು ಕೈಯಲ್ಲಿ ಅರಮನೆಯ ಛತ್ರಿ, ಅದನ್ನು ಮಡಚಕೂಡದು. ಇನ್ನೊಂದು ಕೈಯಲ್ಲಿ ಅರಮನೆಯ ಮುದ್ರೆ, ಅದನ್ನು ಕೆಳಗಿಡಕೂಡದು. ತೆರೆದ ಛತ್ರಿ ಬಾಗಿಲಲ್ಲಿ ಹಿಡಿಸಲಿಲ್ಲ. ಅಂಗಳದಲ್ಲೇ ನಿಂತು, ಕೈ ಚಾಚಿ, ಬಾಗಿಲ ಪಕ್ಕದ ಹೊರಸಿಗೆ ಮುದ್ರೆ ಒತ್ತಿದ.

"ನಿಮ್ಮ ಮನ್ಯಾಗ ಬೇಕಾದಷ್ಟು ಚಿಟಿಕಿ ಕೇಳ್ಯಾವು. ಲೆಕ್ಕದಾಗ ಆಕಳಿಕಿ ಒಂದೂ ತೋರಿಸಿಲ್ಲ. ಬಾಕಿ ತೀರೂತನಕ ಈ ಹೊರಸಿನ ಮ್ಯಾಲೆ ಮಲಗೂಹಂಗಿಲ್ಲ" ಎಂದ.

"ಆಕಳಿಸಿದ್ದು ಕೂಸುರೀ ಸಾಹೇಬ್ರ. ಅದಕ್ಕ ಚಿಟಿಕಿ ಹೊಡಿಯಾಕ ಬರ್ತೈತೇನು? ಅದರ ಪರವಾಗಿ ನಾ ಹೊಡದೇನಿ."

"ಚಿಟಿಕಿ ಯಾರದೋ ಆಕಳಿಕಿ ಅವರದು."

"ಬಾಯಿ ಯಾರದೋ ಆಕಳಿಕಿ ಅವರದು."

"ಚಿಟಿಕಿ ಯಾರದೋ!"

"ಬಾಯಿ ಯಾರದೋ!"

ಹೀಗೇ ನಡೆಯಿತು. ಕೇಳಿ ಕೇಳಿ ತೊಟ್ಟಿಲಿಗೂ ಬೇಸರವಾಗಿ ತೂಗುವುದನ್ನು ನಿಲ್ಲಿಸಿತು.

"ಹಂಗಾದ್ರ ದರ್ಬಾರಿಗೆ ನಡಿ" ಎಂದ ಸಾಹೇಬ.

"ದರ್ಬಾರಿಗೆ ಹೋದ ನಮ್ಮತ್ತಿ ಇನ್ನೂ ತಿರುಗಿ ಬಂದಿಲ್ರೀ. ನನಗ ಇವತ್ತ ಮಲಗಬೇಕಾಗೇತಿ."

ಆಗ ಬಾಗಿಲ ಹೊಸ್ತಿಲು ಬಾಯಿಬಿಟ್ಟಿತು. "ಸಾಕು ಮಾಡ್ರಿ. ನಾ ಮಧ್ಯಸ್ಥಿಕಿ ಮಾಡ್ತೀನಿ. ನಾ ಒಳಗಿನವನೂ ಅಲ್ಲ, ಹೊರಗಿನವನೂ ಅಲ್ಲ. ತೀರ್ಪು ಕೊಡೂದಿಲ್ಲ, ಬರೇ ಕೇಳ್ತೀನಿ. ನನಗ ಹೇಳಿದ ಮಾತು ನನ್ನ ದಾಟಿ ಹೋಗೂದಿಲ್ಲ."

ಇಬ್ಬರೂ ಒಪ್ಪಿದರು. ಬೇರೆ ದಾರಿಯೂ ಇರಲಿಲ್ಲ, ಶಕ್ತಿಯೂ ಇರಲಿಲ್ಲ.

ಹೊಸ್ತಿಲು ಒಳಮುಖವಾಗಿ ಪಿಸುಗುಟ್ಟಿತು. "ಅಜ್ಜಿ, ನಿನಗೇನು ಬೇಕು?"

"ಮಲಗಬೇಕು."

ಹೊರಮುಖವಾಗಿ ಪಿಸುಗುಟ್ಟಿತು. "ಸಾಹೇಬ್ರ, ನಿಮಗೇನು ಬೇಕು?"

"ನನಗೂ ಮಲಗಬೇಕೋ ಮಾರಾಯಾ. ಒಂದು ಮನಿ ತಕರಾರಾದ್ರೂ ತೀರಿಸೂತನಕ ನಿನ್ನ ಮನಿಗೆ ಹೋಗಬ್ಯಾಡ ಅಂದಾನ ರಾಜ" ಎಂದ ಮುದುಕಪ್ಪ, ಎಂದವನೇ ದವಡೆ ಕಳಚುವಂತೆ ಆಕಳಿಸಿದ. ಪಾಪ, ಎರಡೂ ಕೈ ತುಂಬಿವೆ, ಚಿಟಿಕೆ ಹೊಡೆಯುವುದು ಹೇಗೆ? ಗುರುಸಿದ್ದವ್ವ ರೂಢಿಯಂತೆ ಬಾಗಿಲಾಚೆ ಕೈ ಚಾಚಿ, ಅವನ ಬಾಯಿ ಮುಂದೆ ಚಿಟಿಕೆ ಹೊಡೆದುಬಿಟ್ಟಳು.

"ಈ ಆಕಳಿಕಿ ಯಾರದ್ರೀ?" ಎಂದಿತು ಹೊಸ್ತಿಲು.

ಬಾಯಿಯ ಲೆಕ್ಕವಾದರೆ ಸಾಹೇಬನೇ ಬಾಕಿದಾರ. ಚಿಟಿಕೆಯ ಲೆಕ್ಕವಾದರೆ ಅರಮನೆಯ ನೌಕರ ಅರಮನೆಯ ಆಕಳಿಕೆಯನ್ನು ಅಜ್ಜಿಗೆ ದಾನ ಮಾಡಿದಂತೆ. ಅದಕ್ಕೆ ಸೆರೆಮನೆ. ಮುದುಕಪ್ಪ ಛತ್ರಿ ಓರೆ ಮಾಡಿ ಬೀದಿಯ ಆಚೀಚೆ ನೋಡಿದ.

"ಇದನ್ನೂ... ಕೂಸಿನ ಲೆಕ್ಕಕ್ಕ ಹಾಕೂಣೇನು?" ಎಂದ ಮೆಲ್ಲಗೆ.

"ಹಾಕ್ರಿ" ಎಂದಳು ಗುರುಸಿದ್ದವ್ವ. "ಅದಕ್ಕೇನು, ಮಾಫಿ ಐತಲ್ಲ."

ರಾಜಿಯಾಯಿತು. ಆ ಮನೆಯ, ಆ ಅಂಗಳದ, ಹಿಂದಿನ, ಮುಂದಿನ ಆಕಳಿಕೆಗಳೆಲ್ಲ ಕೂಸಿನವೇ. ಸಾಹೇಬ ಹೊರಸಿನ ಮುದ್ರೆಯನ್ನು ಮುಂಗೈಯಿಂದ ಉಜ್ಜಿ ಅಳಿಸಿ, ಅಂಗಳದಲ್ಲಿ ಛತ್ರಿಯಡಿ ಕೂತಲ್ಲೇ ಗೊರಕೆ ಹೊಡೆದ. ಅಜ್ಜಿ ಹೊರಸಿನ ಮೇಲೆ ಬಿದ್ದವಳು ಮಗ್ಗುಲು ಕೂಡ ಬದಲಿಸಲಿಲ್ಲ. ಅಂಥ ನಿದ್ದೆ ನಮಗೂ ಬರಬಾರದೇ ಅನಿಸುತ್ತದೆ.

ಬಿಸಿಲು ಇಳಿದಾಗ ಎದ್ದಳು. ತೊಟ್ಟಿಲಲ್ಲಿ ಕೂಸು ಅವಳನ್ನು ನೋಡಿ ನಕ್ಕಿತು. ಕೆಳಗಿನ ವಸಡಿನಲ್ಲಿ ಬಿಳಿ ಜೋಳದ ನುಚ್ಚಿನಂತೆ ಏನೋ ಮಿನುಗಿತು.

ಹಲ್ಲು.

ಹಲ್ಲು ಬಂತೆಂದರೆ ಮಾಫಿ ಹೋಯಿತು. ಊರಿನ ದೊಡ್ಡ ಬಾಕಿದಾರಳು ಈಗ ತೊಟ್ಟಿಲಲ್ಲಿದ್ದಳು. ಅಜ್ಜಿ ಕೂಸಿನ ಬಾಯಿಗೆ ಅಂಗೈ ಅಡ್ಡ ಹಿಡಿದು ಹೊಸ್ತಿಲ ಕಡೆ ನೋಡಿದಳು.

"ಕಂಡ್ಯಾ?"

"ಕಂಡೆ" ಎಂದಿತು ಹೊಸ್ತಿಲು, ಒಳಮುಖವಾಗಿಯೇ. "ನನ್ನ ದಾಟಿ ಹೋಗೂದಿಲ್ಲ."

ಆ ಕೂಸು ಈಗ ದೊಡ್ಡವಳಾಗಿದ್ದಾಳೆ. ಇವತ್ತಿಗೂ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಾಳೆ.

ಕತೆಯ ನೀತಿ ಬೇಕೇ? ನೀತಿ ಹೇಳುವಷ್ಟು ಎಚ್ಚರ ನನಗಿಲ್ಲ. ಅಲ್ಲಿ ಹಿಂದೆ ಯಾರೋ ಆಕಳಿಸಿದಿರಿ. ಚಿಟಿಕೆ ನೀವೇ ಹೊಡೆದುಕೊಳ್ಳಿ. ನಾನು ಕೈ ಕಟ್ಟಿ ಕೂತಿದ್ದೇನೆ.